ಗದ್ದೆಯೂ ತರಿಯೂ: ಸೋಸಲೆ ಸೀಮೆಯ ಭೂದಾಖಲೆಯ ಎರವಲು ಪದಗಳು ಮತ್ತು ಅಧಿಸ್ತರದ ಪ್ರಶ್ನೆ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಸಲೆ ಹೋಬಳಿಯಲ್ಲಿ ಒಂದೇ ಭೂಮಿಗೆ ಎರಡು ಬಗೆಯ ಹೆಸರುಗಳಿವೆ. ಕಂದಾಯದ ದಾಖಲೆಯಲ್ಲಿ ಅದು ತರಿ, ಖುಷ್ಕಿ ಇಲ್ಲವೇ ಬಾಗಾಯ್ತು. ಬದುವಿನ ಮೇಲೆ ನಿಂತವರ ಮಾತಿನಲ್ಲಿ ಗದ್ದೆ, ಹೊಲ, ತೋಟ. ಮೊದಲಿನ ಮೂರೂ ಫಾರ್ಸಿ ಮೂಲದವು: ‘ತರ್’ ಎಂದರೆ ಒದ್ದೆ, ‘ಖುಷ್ಕ್’ ಎಂದರೆ ಒಣ, ‘ಬಾಗ್’ ಎಂದರೆ ತೋಟ. ಹಾಗೆಂದು ಕನ್ನಡದ ದಾಖಲೆಗೆ ಸ್ವಂತ ಪದಗಳ ಕೊರತೆಯಿರಲಿಲ್ಲ. ಹೊಯ್ಸಳರ ಕಾಲದ ದತ್ತಿಶಾಸನಗಳಲ್ಲಿ ಗದ್ದೆ, ಬೆದ್ದಲೆ, ತೋಂಟ ಎಂಬ ವಿಂಗಡಣೆ ಸಾಮಾನ್ಯವಾಗಿ ಕಾಣುತ್ತದೆ. ಪದಗಳಿದ್ದೂ ದಾಖಲೆ ಎರವಲು ತಂದದ್ದೇಕೆ, ದಾಖಲೆ ಬದಲಾದರೂ ಮಾತು ಬದಲಾಗದಿದ್ದುದೇಕೆ ಎಂಬ ಪ್ರಶ್ನೆಗಳನ್ನು ನಾವು ಇಲ್ಲಿ ಪರಿಶೀಲಿಸಿದ್ದೇವೆ.

ಹೋಲಿಕೆಗೆ ನಾವು ಆರಿಸಿಕೊಂಡಿರುವುದು ರೊಮಾನ್ಸ್ ಭಾಷೆಗಳೊಳಗಿನ ಜರ್ಮಾನಿಕ್ ಪದಗಳನ್ನು. ಗೆದ್ದವರ ಭಾಷೆಯು ಸೋತವರ ಭಾಷೆಯ ಮೇಲೆ ಕೆಲಕಾಲ ನೆಲೆಸಿ, ಕೊನೆಗೆ ತಾನೇ ಅಳಿದು ಪದಗಳನ್ನು ಮಾತ್ರ ಉಳಿಸಿಹೋಗುವ ಸ್ಥಿತಿಗೆ ವಾಲ್ಟರ್ ಫಾನ್ ವಾರ್ಟ್‌ಬುರ್ಗ್ ಅಧಿಸ್ತರ ಎಂಬ ಪರಿಕಲ್ಪನೆಯನ್ನು ನೀಡಿದರು. ಲ್ಯಾಟಿನ್ನಿನ ‘ಬೆಲ್ಲುಮ್’ ಮರೆಯಾಗಿ ಜರ್ಮಾನಿಕ್ಕಿನ ‘ವೆರ್ರ’ ಇಟಾಲಿಯನ್ನಿನಲ್ಲಿ ‘ಗುವೆರ್ರಾ’ ಆದದ್ದು ಇದರ ಪ್ರಸಿದ್ಧ ನಿದರ್ಶನ. ಮೈಸೂರಿನ ಕನ್ನಡಕ್ಕೂ ಈ ಮಾದರಿ ಒಪ್ಪುತ್ತದೆಂದು ಮೇಲುನೋಟಕ್ಕೆ ತೋರುತ್ತದೆ. 1761ರಲ್ಲಿ ಹೈದರ್ ಅಲಿ ಅಧಿಕಾರ ಹಿಡಿದನು, ಟಿಪ್ಪುವಿನ ಆಡಳಿತದಲ್ಲಿ ಫಾರ್ಸಿಗೆ ಮೇಲ್ಮೆ ದೊರೆಯಿತು, 1799ರಲ್ಲಿ ಆ ಆಳ್ವಿಕೆ ಕೊನೆಗೊಂಡಿತು, ಪದಗಳು ಉಳಿದವು.

ಆದರೆ ಕಾಲಕ್ರಮವು ಈ ಸರಳ ಚಿತ್ರವನ್ನು ಒಪ್ಪುವುದಿಲ್ಲ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ರೂಪಿಸಿದ ಹದಿನೆಂಟು ಇಲಾಖೆಗಳ ವ್ಯವಸ್ಥೆಯನ್ನು ಇತಿಹಾಸಕಾರರು ‘ಅಠಾರ ಕಚೇರಿ’ ಎಂದೇ ಕರೆಯುತ್ತಾರೆ. ಅಂದರೆ ಈ ಪದಾವಳಿಗೆ ಬಾಗಿಲು ತೆರೆದದ್ದು ಸೋಲಲ್ಲ, ಒಡೆಯರ ಆಸ್ಥಾನವೇ. ರೊಮಾನ್ಸ್ ಕ್ಷೇತ್ರದಲ್ಲೂ ಇಂಥ ಪೂರ್ವಪದರವೊಂದಿದೆ: ಸಾಬೂನಿಗೆ ಮೂಲವಾದ ‘ಸಾಪೋ’ ಎಂಬ ಜರ್ಮಾನಿಕ್ ಪದ ಫ್ರಾಂಕರ ಆಳ್ವಿಕೆಗೆ ಬಹಳ ಮುಂಚೆಯೇ ಪ್ಲಿನಿಯ ಲ್ಯಾಟಿನ್ನಿನಲ್ಲಿ ದೊರೆಯುತ್ತದೆ.

ಧ್ವನಿನಿಯಮಗಳೂ ಎರವಲಿನ ಕಾಲವನ್ನು ಸೂಚಿಸುತ್ತವೆ. ಆಯ್ಕೆ ಮಾಡು ಎಂಬರ್ಥದ ‘ಕೌಸ್ಯನ್’ ಫ್ರೆಂಚಿನಲ್ಲಿ ‘ಶ್ವಾಜೀರ್’ ಆಗಿರುವುದರಿಂದ, ಕಕಾರದ ತಾಲವ್ಯೀಕರಣಕ್ಕೆ ಮೊದಲೇ ಅದು ಒಳಬಂದಿತ್ತೆಂದು ತಿಳಿಯುತ್ತದೆ. ಕನ್ನಡದಲ್ಲಿ ಸ್ಥಿತಿ ತಿರುವುಮುರುವು. ಪದಾದಿಯ ಪಕಾರ ಹಕಾರವಾಗುವ ಪ್ರಕ್ರಿಯೆ 14ನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ನೆಲೆಗೊಂಡಿತ್ತು. ಫಾರ್ಸಿಯ ಪರವಾನಗಿ, ಮರಾಠಿಯಿಂದ ಬಂದ ಪಹಣಿ, ಪಟೇಲ ಇವು ಪಕಾರವನ್ನು ಉಳಿಸಿಕೊಂಡಿವೆ. ಪಾಲು ಮೊದಲಾದ ಕೆಲವು ದೇಶ್ಯ ಪದಗಳಲ್ಲೂ ಪಕಾರ ಉಳಿದಿರುವುದರಿಂದ ಇದೊಂದೇ ಸಾಕ್ಷ್ಯ ಸಾಲದು. ಆದರೆ ಇಡೀ ಗುಂಪು ಹೀಗೆ ವರ್ತಿಸುವುದು ಗಮನಾರ್ಹ. ಇನ್ನುಳಿದಂತೆ ಹೊಂದಾಣಿಕೆ ಕ್ರಮಬದ್ಧವಾಗಿದೆ: ವ್ಯಂಜನಾಂತಗಳಿಗೆ ಉಕಾರ ಸೇರಿ ತಾಲ್ಲೂಕು, ಖರಾಬು, ಜಮೀನು ಆದವು, ಘರ್ಷಧ್ವನಿಗಳು ಸಮೀಪದ ಸ್ಪರ್ಶಗಳಾದವು, ಬರಹದ ಖುಷ್ಕಿ ಬಾಯಲ್ಲಿ ಕುಷ್ಕಿಯಾಯಿತು.

ಪ್ರತ್ಯಯಗಳ ಸಾಕ್ಷ್ಯ ಇನ್ನೂ ಆಳವಾದುದು. ಜರ್ಮಾನಿಕ್ ಮೂಲದ ‘ಆರ್ದ್’ ಪ್ರತ್ಯಯ ಫ್ರೆಂಚಿನ ಸ್ವಂತ ಧಾತುಗಳಿಗೂ ಹತ್ತಿದಂತೆ, ಫಾರ್ಸಿಯ ‘ದಾರ’ ಕನ್ನಡದ ಹಿಡುವಳಿ, ಗುತ್ತಿಗೆ, ಪಾಲು ಪದಗಳಿಗೆ ಹತ್ತಿ ಹಿಡುವಳಿದಾರ, ಗುತ್ತಿಗೆದಾರ, ಪಾಲುದಾರ ಎಂಬ ರೂಪಗಳನ್ನು ಕೊಟ್ಟಿದೆ. ಈ ಪದಗಳನ್ನು ಫಾರ್ಸಿಯಿಂದ ತಂದವರಿಲ್ಲ, ಕನ್ನಡವೇ ಕಟ್ಟಿಕೊಂಡಿತು.

ಇಷ್ಟರ ಮೇಲೂ ಎರಡು ಸಂದರ್ಭಗಳು ಬೇರೆ ಬೇರೆ ಎಂಬುದು ನಮ್ಮ ವಾದ. ಇಟಾಲಿಯನ್ನಿನಲ್ಲಿ ಕೆನ್ನೆ, ಬೆನ್ನುಗಳ ಹೆಸರುಗಳೂ, ಫ್ರೆಂಚಿನಲ್ಲಿ ನಾಚಿಕೆ, ದ್ವೇಷಗಳ ಹೆಸರುಗಳೂ ಜರ್ಮಾನಿಕ್ ಮೂಲದವು. ಇವು ಮನೆಯೊಳಗಿನ ದ್ವಿಭಾಷಿಕತೆಯ ಗುರುತುಗಳು. ಸೋಸಲೆ ಸೀಮೆಯ ಕನ್ನಡದಲ್ಲಿ ಕೆನ್ನೆ, ಬೆನ್ನು, ನಾಚಿಕೆಗಳು ದೇಶ್ಯವಾಗಿಯೇ ಇವೆ. ಇಲ್ಲಿ ಫಾರ್ಸಿ ನೆರೆಮನೆಯ ಭಾಷೆಯಾಗಿರಲಿಲ್ಲ. ಮರಾಠಿ, ದಖ್ಖನಿಗಳ ಮೂಲಕ ಕಾಗದದ ಮೇಲೆ ಬಂದ ಭಾಷೆ. ಅಧಿಕಾರದ ಮೆಟ್ಟಿಲು ಏರಿದಷ್ಟೂ ಅದರ ಪ್ರಮಾಣ ಹೆಚ್ಚು: ಊರಿನಲ್ಲಿ ನೀರುಗಂಟಿ, ತಳವಾರ, ಶಾಸನಗಳ ಸೇನಬೋವನ ಮುಂದುವರಿಕೆಯಾದ ಶಾನುಭೋಗ, ಮೇಲೆ ಶೇಕದಾರ, ಶಿರಸ್ತೇದಾರ, ಅಮಲ್ದಾರ. ಪಟೇಲ ಮಾತ್ರ ಈ ಗೆರೆಯನ್ನು ದಾಟಿ ಊರಿಗೆ ಇಳಿದವನು.

ಹಾಗಾದರೆ ಕಾಗದದಿಂದ ಬಾಯಿಗೆ ದಾಟಿದ ಪದಗಳು ಯಾವುವು? ಜಮೀನು, ಅರ್ಜಿ, ಎಲ್ಲಕ್ಕಿಂತ ಮುಖ್ಯವಾಗಿ ರೈತ. ಅರಬ್ಬಿಯ ‘ರಅಯ್ಯತ್’ ಎಂದರೆ ಆಳಿಸಿಕೊಳ್ಳುವ ಪ್ರಜೆ. ಒಕ್ಕಲಿಗ ಎಂಬುದು ಸಮುದಾಯದ ಹೆಸರಾಗಿ ಸಂಕುಚಿತಗೊಂಡು, ಉಳುವವರೆಲ್ಲರಿಗೂ ಸಲ್ಲುವ ಹೆಸರು ರೈತ ಎಂದಾಯಿತು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘವು ಸರ್ಕಾರವನ್ನು ಎದುರಿಸಿದ್ದೂ ಈ ಪದವನ್ನೇ ಹೊತ್ತು. ‘ಬೆಲ್ಲುಮ್’ ಪದಕ್ಕಾದ ಪಲ್ಲಟಕ್ಕೆ ಕನ್ನಡದಲ್ಲಿ ನಿಜವಾದ ಸಾಟಿ ಇದು. ಸರ್ಕಾರದೊಡನೆ ವ್ಯವಹರಿಸುವಾಗ ಬೇಕಾದ ಪದಗಳು ಊರಿಗೆ ಇಳಿದವು. ಮಣ್ಣನ್ನೇ ಹೆಸರಿಸುವ ಪದಗಳು ಜಗ್ಗಲಿಲ್ಲ.

ಆದ್ದರಿಂದ ತರಿಯು ಗದ್ದೆಯ ಪರ್ಯಾಯಪದವಲ್ಲ. ಗದ್ದೆ ಎಂಬುದು ನೆಲದ ಹೆಸರು. ತರಿ ಎಂಬುದು ತೆರಿಗೆಯ ವರ್ಗ. ಈ ಭೇದವನ್ನು ಮರೆತರೆ ಆಗುವ ನಷ್ಟ ಭಾಷಾಶಾಸ್ತ್ರದ್ದಷ್ಟೇ ಅಲ್ಲ. ಖರಾಬು ಎಂದರೆ ಕೆಟ್ಟದ್ದು ಎಂದು ನಿಘಂಟು ಹೇಳುತ್ತದೆ. ಆದರೆ 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಸಾಗುವಳಿಗೆ ಬಾರದ ನೆಲ ಎ ಖರಾಬು. ದಾರಿ, ಹಳ್ಳ, ಸ್ಮಶಾನಗಳಂತೆ ಸಾರ್ವಜನಿಕರಿಗೆ ಮೀಸಲಾದುದು ಬಿ ಖರಾಬು. ಅಚ್ಚಗನ್ನಡದ ಉತ್ಸಾಹದಲ್ಲಿ ಇದನ್ನು ‘ಪಾಳು’ ಎಂದು ಅನುವಾದಿಸಿದರೆ ಊರಿನ ದಾರಿಯೇ ಒಡೆಯನಿಲ್ಲದ ನೆಲವೆನಿಸೀತು. ಆಡಳಿತ ಪದಕೋಶಗಳ ಪರಿಷ್ಕರಣೆಯು ಪದಗಳ ಮೂಲವನ್ನು ಹುಡುಕಿ ಹೊರಹಾಕುವುದರಿಂದಲ್ಲ, ಪ್ರತಿ ಜೋಡಿಯ ಅರ್ಥವ್ಯಾಪ್ತಿಯನ್ನು ಅಳೆಯುವುದರಿಂದ ಆರಂಭವಾಗಬೇಕೆಂಬುದು ನಮ್ಮ ನಿಲುವು.