ಒಕ್ಲಹೋಮದ ಮಾರ್ಷಲ್ ಟಿಲ್ಗ್‌ಮನ್

1889ರ ಏಪ್ರಿಲ್ 22ರ ಮಧ್ಯಾಹ್ನ, ಅಮೆರಿಕದ ಸಂಯುಕ್ತ ಸರ್ಕಾರವು ವಸತಿಗೆಂದು ತೆರೆದ ಒಕ್ಲಹೋಮದ ನೆಲವನ್ನು ಹಿಡಿಯಲು ಸಹಸ್ರಾರು ಜನರು ಗಡಿರೇಖೆಯಿಂದ ಏಕಕಾಲದಲ್ಲಿ ಧಾವಿಸಿ, ಸಂಜೆಯಾಗುವಷ್ಟರಲ್ಲಿ ಗಥ್ರಿಯೆಂಬಲ್ಲಿ ಡೇರೆಗಳ ಪಟ್ಟಣವೊಂದನ್ನೇ ಎಬ್ಬಿಸಿಬಿಟ್ಟರು. ಆ ನೆಲವು ಅದಕ್ಕೆ ಮುನ್ನ ಕ್ರೀಕ್ ಮತ್ತು ಸೆಮಿನೋಲ್ ಜನಾಂಗಗಳದಾಗಿದ್ದಿತೆಂಬುದನ್ನು ನಾವು ಮರೆಯಲಾಗದು. ಊರು ಹುಟ್ಟಿದರೂ ಅದನ್ನಾಳುವ ಪ್ರಾಂತಾಡಳಿತವು ಮರುವರ್ಷದ ಮೇ ತಿಂಗಳವರೆಗೆ ಹುಟ್ಟಲಿಲ್ಲ. 1907ರ ನವೆಂಬರ್ 16ರಂದು ರಾಜ್ಯಪದವಿ ದೊರೆಯುವ ತನಕ, ನ್ಯಾಯಾಲಯದ ವಾರಂಟನ್ನು ಕಿಸೆಯಲ್ಲಿಟ್ಟುಕೊಂಡು ಕುದುರೆಯ ಮೇಲೆ ನೂರಾರು ಮೈಲಿ ಅಲೆಯುತ್ತಿದ್ದ ಡೆಪ್ಯುಟಿ ಮಾರ್ಷಲರೇ ಆ ಸೀಮೆಯ ಬಹುಭಾಗಕ್ಕೆ ರಾಜಶಾಸನದ ಪ್ರತ್ಯಕ್ಷರೂಪವಾಗಿದ್ದರು.

ಅವರಲ್ಲಿ ಅಗ್ರಗಣ್ಯನಾದ ವಿಲಿಯಂ ಟಿಲ್ಗ್‌ಮನ್ 1854ರಲ್ಲಿ ಜನಿಸಿದವನು. ಯೌವನದಲ್ಲಿ ಕಾಡೆಮ್ಮೆಗಳ ಬೇಟೆಗಾರನಾಗಿದ್ದು, 1884ರಲ್ಲಿ ಕಾನ್ಸಾಸಿನ ಡಾಡ್ಜ್ ಸಿಟಿಗೆ ಮಾರ್ಷಲನಾದವನು. ಅವನ ಕೀರ್ತಿಗೆ ಮುಖ್ಯಕಾರಣವಾದುದು 1896ರ ಜನವರಿಯ ಒಂದು ಘಟನೆ. ರೈಲು, ಬ್ಯಾಂಕುಗಳ ದರೋಡೆಗೆ ಕುಖ್ಯಾತನಾಗಿದ್ದ ಬಿಲ್ ಡೂಲಿನನು ಸಂಧಿವಾತದಿಂದ ಪೀಡಿತನಾಗಿ ಅರ್ಕಾನ್ಸಾಸಿನ ಯುರೇಕಾ ಸ್ಪ್ರಿಂಗ್ಸಿನ ಸ್ನಾನಗೃಹವೊಂದರಲ್ಲಿ ಚಿಕಿತ್ಸೆ ಪಡೆಯುತ್ತಿರುವನೆಂದು ತಿಳಿದೊಡನೆ, ಟಿಲ್ಗ್‌ಮನ್ ಒಬ್ಬನೇ ಅಲ್ಲಿಗೆ ಹೋಗಿ, ಒಂದು ಗುಂಡನ್ನೂ ಹಾರಿಸದೆ ಅವನನ್ನು ಸೆರೆಹಿಡಿದು ಗಥ್ರಿಗೆ ಕರೆತಂದನು. ಕೊಲ್ಲುವುದು ಸುಲಭವಾಗಿದ್ದ ಸನ್ನಿವೇಶದಲ್ಲಿ ಅಪರಾಧಿಯನ್ನು ಜೀವಸಹಿತ ನ್ಯಾಯಾಲಯಕ್ಕೊಪ್ಪಿಸಿದ ಈ ಸಂಯಮವೇ, ನನ್ನ ಅಭಿಪ್ರಾಯದಲ್ಲಿ, ಅವನ ನಿಜವಾದ ಹಿರಿಮೆ. ಡೂಲಿನನು ಜುಲೈಯಲ್ಲಿ ಸೆರೆಮನೆಯಿಂದ ತಪ್ಪಿಸಿಕೊಂಡು, ಮರುತಿಂಗಳು ಮಾರ್ಷಲರ ಬೇರೊಂದು ತಂಡದ ಗುಂಡಿಗೆ ಬಲಿಯಾದನು.

ನಮ್ಮಲ್ಲಿ ಪೋಲೀಸು ಅಧಿಕಾರಿಯು ಸರ್ಕಾರದಿಂದ ನೇಮಕಗೊಂಡವನು. ಅಲ್ಲಿನ ಷೆರೀಫನಾದರೋ ಮತದಾರರಿಂದ ಚುನಾಯಿತನಾಗತಕ್ಕವನು. 1900ರಲ್ಲಿ ಲಿಂಕನ್ ಕೌಂಟಿಯ ಷೆರೀಫನಾಗಿ ಆರಿಸಿಬಂದ ಟಿಲ್ಗ್‌ಮನ್, ಮತದಾರರ ಮುಂದೆ ನಿಂತು ಗೆದ್ದ ಅನುಭವವುಳ್ಳವನಾದುದರಿಂದ, 1910ರಲ್ಲಿ ರಾಜ್ಯದ ಸೆನೆಟ್ಟಿಗೆ ಚುನಾಯಿತನಾದುದು ಅಲ್ಲಿನವರಿಗೆ ಸೋಜಿಗವೆನಿಸಿರಲಾರದು. ಆದರೆ ಮರುವರ್ಷವೇ ಆ ಸ್ಥಾನಕ್ಕೆ ರಾಜೀನಾಮೆಯಿತ್ತು, ಅವನು ಒಕ್ಲಹೋಮ ಸಿಟಿಯ ಪೋಲೀಸು ಮುಖ್ಯಸ್ಥನ ಹೊಣೆಯನ್ನು ವಹಿಸಿಕೊಂಡನು. ಇದನ್ನು ಪದವಿಯಿಂದ ಇಳಿದುದೆಂದು ನಾನು ಎಣಿಸಲಾರೆ. ಶಾಸನವನ್ನು ರಚಿಸುವ ಸಭೆಗಿಂತ ಅದನ್ನು ಪಾಲಿಸಿ ತೋರಿಸುವ ಬೀದಿಯೇ ಅವನಿಗೆ ಸ್ವಕ್ಷೇತ್ರವಾಗಿದ್ದಿತು.

1924ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಕ್ರಾಮ್‌ವೆಲ್ಲೆಂಬ ಎಣ್ಣೆಬಾವಿಗಳ ಉದ್ದಂಡ ಪಟ್ಟಣವನ್ನು ಹದ್ದುಬಸ್ತಿಗೆ ತರಬೇಕೆಂಬ ಕೋರಿಕೆಯನ್ನು ಮನ್ನಿಸಿ ಅವನು ಮತ್ತೆ ಅಧಿಕಾರಮುದ್ರೆಯನ್ನು ಧರಿಸಿದನು. ನವೆಂಬರ್ 1ರ ರಾತ್ರಿ ಅವನನ್ನು ಗುಂಡಿಕ್ಕಿ ಕೊಂದವನು ದರೋಡೆಗಾರನಲ್ಲ. ಮದ್ಯಪಾನನಿಷೇಧವನ್ನು ಜಾರಿಗೊಳಿಸಬೇಕಾಗಿದ್ದ ಸಂಯುಕ್ತ ಸರ್ಕಾರದ ಅಧಿಕಾರಿ ವೈಲಿ ಲಿನ್. ಮೃತನ ದೇಹವನ್ನು ರಾಜ್ಯದ ಶಾಸನಭವನದಲ್ಲಿ ಸಾರ್ವಜನಿಕ ದರ್ಶನಕ್ಕಿರಿಸಿ ಗೌರವಿಸಲಾಯಿತು. ಲಿನ್ನನು ಆತ್ಮರಕ್ಷಣೆಯ ವಾದವನ್ನು ಮುಂದಿಡಲು, ಜ್ಯೂರಿಯು ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು.