ಕನ್ನಡಿಯ ಸುತ್ತಲಿನ ಗೋಡೆ: ಅಲಂಕಾರಕ್ಕೂ ಮುನ್ನ ಗಮನಿಸಿ

ಹಾಸನ: ಮನೆಯ ಕನ್ನಡಿಯ ಸುತ್ತ ಅಲಂಕಾರ ಮಾಡಬಯಸುವವರಿಗೆ ಜಿಲ್ಲೆಯಲ್ಲಿಯೇ ಮಾದರಿಯೊಂದಿದೆ. 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ನಿರ್ಮಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣ ಸುಂದರಿಯ ಕೈಗನ್ನಡಿ ಚಿಕ್ಕದು. ಶಿಲ್ಪಿಯ ಕುಸುರಿಯೆಲ್ಲ ಆಕೆಯನ್ನು ಆವರಿಸಿದ ಬಳ್ಳಿಯ ಚಪ್ಪರದಲ್ಲಿದೆ.

ಮನೆಯಲ್ಲಿಯೂ ಚಿತ್ರ, ಕಸೂತಿ, ಗೂಡುದೀಪಗಳು ಕನ್ನಡಿಯ ಅಂಚಿನಿಂದ ಹೊರಗಿರಲಿ. ಎದುರಿನ ಗೋಡೆಯೂ ಕನ್ನಡಿಯಲ್ಲಿ ಕಾಣುವುದರಿಂದ ಅಲ್ಲಿ ಸಾಮಾನುಗಳ ರಾಶಿ ಬೇಡ. ದೀಪಗಳನ್ನು ಮುಖದ ಎತ್ತರದಲ್ಲಿ ಎರಡೂ ಬದಿಗೆ ಅಳವಡಿಸಿದರೆ ಕಣ್ಣಿನ ಕೆಳಗೆ ನೆರಳು ಬೀಳದು.

ಗಾಜಿನ ಹಿಂಬದಿಯ ಬೆಳ್ಳಿಲೇಪಕ್ಕೆ ತೇವವೇ ಶತ್ರು. ಅಂಚಿನಲ್ಲಿ ಮೂಡುವ ಕಪ್ಪು ಕಲೆಗಳಿಗೆ ಇದೇ ಮುಖ್ಯ ಕಾರಣ. ಮಲೆನಾಡಿನ ಸೆರಗಿನಲ್ಲಿರುವ ಅರಕಲಗೂಡು ಭಾಗದ ಮನೆಗಳಲ್ಲಿ ಮಳೆಗಾಲದಲ್ಲಿ ಒದ್ದೆಯಾಗುವ ಗೋಡೆಯನ್ನು ಕೈಬಿಡುವುದು ಲೇಸು. ಬಯಲುಸೀಮೆಯ ಚನ್ನರಾಯಪಟ್ಟಣದಲ್ಲಾಗಲಿ, ಹೇಮಾವತಿ ತೀರದ ಹೊಳೆನರಸೀಪುರದಲ್ಲಾಗಲಿ ಸ್ನಾನಗೃಹಕ್ಕೆ ತಾಗಿದ ಗೋಡೆಗೆ ಇದೇ ಮಾತು ಅನ್ವಯಿಸುತ್ತದೆ. ಗೋಡೆ ಮತ್ತು ಕನ್ನಡಿಯ ನಡುವೆ ಗಾಳಿಯಾಡಲು ತೆಳುವಾದ ಅಂತರವಿರಲಿ.

ಭಾರವನ್ನೂ ಮರೆಯುವಂತಿಲ್ಲ. 5 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ ಸುಮಾರು 12.5 ಕಿಲೋ ತೂಗುತ್ತದೆ. ಮಕ್ಕಳಿರುವ ಮನೆಯಲ್ಲಿ ದೊಡ್ಡ ಕನ್ನಡಿಯನ್ನು ಗೋಡೆಗೆ ಒರಗಿಸಿಡದೆ, ಸ್ಕ್ರೂ ಹಾಕಿ ಭದ್ರಪಡಿಸಬೇಕು. ಅಲಂಕಾರದ ಮಾತು ಆನಂತರದ್ದು.