ಜೇಡುಶಿಲೆಯ ಮೇಲಿನ ಜಮೀನು: ನಾಟಿಗೆ ಮುನ್ನ ಆಳ ಪರೀಕ್ಷೆ

ಶೇಲ್ ಅಥವಾ ಜೇಡುಶಿಲೆಯು ನೀರಿನಡಿ ಸಂಚಯಿಸಿದ ಜೇಡಿ ಹಾಗೂ ರೇವೆಯ ಕಣಗಳು ಒತ್ತಡದಿಂದ ಗಟ್ಟಿಗೊಂಡು ಉಂಟಾದ ಜಲಜಶಿಲೆ. ಇದು ತೆಳು ಪದರಗಳಾಗಿ ಸೀಳುತ್ತದೆ. ಅವೇ ಕಣಗಳಿಂದಾದ ಮಡ್‌ಸ್ಟೋನ್ ಹಾಗೆ ಸೀಳುವುದಿಲ್ಲ. ರಾಜ್ಯದಲ್ಲಿ ಜೇಡುಶಿಲೆಯು ಬಾಗಲಕೋಟೆ ಸುತ್ತಲಿನ ಕಲಾದಗಿ ಶಿಲಾಸಮೂಹದಲ್ಲಿಯೂ, ಕಲಬುರಗಿ ಭಾಗದ ಭೀಮಾ ಶಿಲಾಸಮೂಹದಲ್ಲಿ ಸುಣ್ಣಕಲ್ಲಿನೊಡನೆಯೂ ಕಂಡುಬರುತ್ತದೆ.

ಮೇಲ್ಮಣ್ಣಿನ ಬಣ್ಣವನ್ನಷ್ಟೇ ನೋಡಿ ಇಂತಹ ಜಮೀನನ್ನು ಅಳೆಯಬಾರದು. ಶಿಲೆಯು ನೆನೆದು ಒಣಗುತ್ತ ಬೇಗ ಪುಡಿಯಾಗುವುದಾದರೂ, ಇಳಿಜಾರಿನಲ್ಲಿ ಆ ಪುಡಿ ಕೊಚ್ಚಿಹೋಗಿ ಗೇಣುದ್ದ ಮಣ್ಣಷ್ಟೇ ಉಳಿದಿರಬಹುದು. ಕೆಳಗಿನ ಅಡ್ಡ ಪದರಗಳು ಬೇರನ್ನೂ ನೀರನ್ನೂ ತಡೆಯುತ್ತವೆ. ಆದ್ದರಿಂದ ದಾಳಿಂಬೆ, ನಿಂಬೆ ನಾಟಿಗೆ ಮುನ್ನ ಎರಡು ಮೂರು ಕಡೆ 1 ಮೀಟರ್ ಆಳದ ಗುಂಡಿ ತೋಡಿ, ನೀರು ತುಂಬಿ, ಮರುದಿನ ಪರಿಶೀಲಿಸಿರಿ. ನೀರು ನಿಂತಿದ್ದರೆ ಅಲ್ಲಿ ಹಣ್ಣಿನ ತೋಟ ಬೇಡ. ಗಿಡ ಸೊರಗಿದ ಮೇಲೆ ಗೊಬ್ಬರ ಸುರಿದು ಫಲವಿಲ್ಲ. ಮಣ್ಣಿನ ಆಳ ಕಡಿಮೆಯಿದ್ದಲ್ಲಿ ಸಜ್ಜೆ, ಹುರುಳಿ ಬೆಳೆಯುವುದು ಲೇಸು.